ಹೊಳೆ ಇಳಿಯುವವರೆಗೆ ಹಟ್ ಬಿಟ್ಟು ಕದಲಬೇಡಿ

ನ್ಯೂಜಿಲೆಂಡಿನ ದಕ್ಷಿಣ ದ್ವೀಪಕ್ಕೆ ಚಾರಣ ಹೊರಟವರು ಮಳೆಗೆ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು. ಮಿಲ್ಫರ್ಡ್ ಸೌಂಡ್‌ನಲ್ಲಿ ವರ್ಷಕ್ಕೆ 6,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮ ಆಗುಂಬೆಯ ಸಾಲಿನಲ್ಲಿ ನಿಲ್ಲುವ ಜಾಗ. ಆಗುಂಬೆಯ ಮಳೆಗಾದರೂ ಒಂದು ಕಾಲವಿದೆ. ಮಿಲ್ಫರ್ಡ್‌ನಲ್ಲಿ ಜನವರಿಯ ನಡುಬೇಸಿಗೆಯಲ್ಲೂ ಎರಡು ದಿನ ಬಿಡದೆ ಸುರಿಯಬಹುದು. ಆಗ ದಾರಿ ನಡುವೆ ಚಾರಣಿಗರು ತಂಗಲೆಂದು ಕಟ್ಟಿದ ಹಟ್‌ನಲ್ಲಿ ಕಾದು ಕೂರುವುದು ಬಿಟ್ಟರೆ ಬೇರೆ ಜಾಣತನವಿಲ್ಲ.

ನ್ಯೂಜಿಲೆಂಡಿನ ಸಂರಕ್ಷಣಾ ಇಲಾಖೆ 950ಕ್ಕೂ ಹೆಚ್ಚು ಹಟ್‌ಗಳನ್ನು ನೋಡಿಕೊಳ್ಳುತ್ತದೆ. ಹೆಸರಾಂತ ಹಾದಿಗಳ ಹಟ್‌ಗಳಲ್ಲಿ ಚಾರಣದ ಋತುವಿನಲ್ಲಿ ಉಸ್ತುವಾರಿಗೆ ವಾರ್ಡನ್ ಇರುತ್ತಾರೆ, ಹಲವು ಕಡೆ ಗ್ಯಾಸ್ ಒಲೆಯೂ ಇರುತ್ತದೆ. ಒಳನಾಡಿನ ಸಾಧಾರಣ ಹಟ್‌ಗಳಲ್ಲಿ ಹಾಸಿಗೆ ಹಾಕಿದ ಅಟ್ಟಣೆ, ಚಾವಣಿ ನೀರಿನ ಟ್ಯಾಂಕು, ಹೊರಗೊಂದು ಶೌಚಾಲಯ, ಅದೃಷ್ಟವಿದ್ದರೆ ಸೌದೆ ಒಲೆ. ಮೊಬೈಲ್ ಸಿಗ್ನಲ್ ಇಲ್ಲ ಎಂದೇ ಇಟ್ಟುಕೊಳ್ಳಿ.

ಹೊರಡುವ ಮೊದಲು

ಕಾಯುವ ಕೆಲಸ ಊರಿನಲ್ಲೇ ಶುರುವಾಗುತ್ತದೆ. ಲೆಕ್ಕಕ್ಕಿಂತ ಕನಿಷ್ಠ ಒಂದು ದಿನದ ಊಟ ಮತ್ತು ಗ್ಯಾಸ್ ಹೆಚ್ಚಿಗೆ ಇರಲಿ. ನನ್ನ ಆಯ್ಕೆ ತೆಳು ಅವಲಕ್ಕಿ: ಒಲೆ ಹಚ್ಚದೆ, ತಣ್ಣೀರಿನಲ್ಲಿ ನೆನೆಸಿ, ಉಪ್ಪು ಮತ್ತು ಚಟ್ನಿಪುಡಿ ಕಲಸಿದರೆ ಊಟ ಮುಗಿಯಿತು. ಮನೆಯಿಂದ ಒಯ್ಯುವುದಾದರೆ ವಿಮಾನ ನಿಲ್ದಾಣದಲ್ಲಿ ತಪ್ಪದೆ ಘೋಷಿಸಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ 400 ನ್ಯೂಜಿಲೆಂಡ್ ಡಾಲರ್ ದಂಡ. ಅದಕ್ಕಿಂತ ಅಲ್ಲಿನ ಭಾರತೀಯ ಅಂಗಡಿಯಲ್ಲಿ ಕೊಳ್ಳುವುದೇ ಮೇಲು.

ನಂಬಿಕೆಯ ಒಬ್ಬರಿಗೆ ಎರಡು ಸಮಯ ಬರೆದುಕೊಡಿ. ಒಂದು, ನೀವು ಮರಳಬೇಕಾದ ಹೊತ್ತು. ಇನ್ನೊಂದು, ಅಷ್ಟರೊಳಗೆ ಸುದ್ದಿ ಬರದಿದ್ದರೆ ಪೊಲೀಸರಿಗೆ ತಿಳಿಸಬೇಕಾದ ಹೊತ್ತು. ಇವೆರಡರ ನಡುವೆ ಒಂದು ದಿನದ ಅಂತರವಿದ್ದರೆ ನೀವು ಹಟ್‌ನಲ್ಲಿ ನಿಶ್ಚಿಂತೆಯಿಂದ ಕೂರಬಹುದು. ಮರಳುವ ವಿಮಾನವನ್ನು ಚಾರಣ ಮುಗಿದ ಮರುದಿನಕ್ಕೇ ಕಾಯ್ದಿರಿಸಬೇಡಿ. ಉಕ್ಕಿದ ಹೊಳೆಗೆ ಕಾಲಿಡುವ ದುರ್ಬುದ್ಧಿಯನ್ನು ಟಿಕೆಟ್ಟಿನಷ್ಟು ಚೆನ್ನಾಗಿ ಇನ್ನಾವುದೂ ಕೊಡುವುದಿಲ್ಲ.

ಹಟ್ ತಲುಪಿದ ಮೇಲೆ

ಮೊದಲು ಒದ್ದೆ ಬಟ್ಟೆ ಕಳಚಿ ಒಣಗಿದ್ದನ್ನು ಹಾಕಿಕೊಳ್ಳಿ, ಚಹಾ ಆಮೇಲೆ. ನಡೆಯುವಾಗ ಗೊತ್ತಾಗದ ಚಳಿ ಕೂತ ಹತ್ತು ನಿಮಿಷಕ್ಕೆ ಮೂಳೆಗಿಳಿಯುತ್ತದೆ. ಈ ಒಣ ಜೊತೆಯನ್ನು ಹಟ್‌ನ ಒಳಗಿನ ಬಳಕೆಗೇ ಮೀಸಲಿಡಿ. ಶೌಚಾಲಯಕ್ಕೆ ಹೋಗಬೇಕಾದಾಗ ಹಳೆಯ ಒದ್ದೆ ಬಟ್ಟೆಯನ್ನೇ ಮತ್ತೆ ತೊಡಬೇಕು. ಹಿಂಸೆ ನಿಜ, ಆದರೆ ಇರುವ ಒಂದೇ ಒಣ ಅಂಗಿ ನೆನೆದರೆ ರಾತ್ರಿಯಿಡೀ ನಡುಕ.

ಬೂಟುಗಳನ್ನು ಜಗಲಿಯಲ್ಲಿ ಬಿಡಬೇಡಿ. ಕಿಯಾ ಎಂಬ ಬೆಟ್ಟದ ಗಿಳಿ ಕೊಕ್ಕೆಯಂಥ ಕೊಕ್ಕಿನಿಂದ ಲೇಸು ಎಳೆದು, ಚರ್ಮ ಹರಿದು, ಒಂದು ಬೂಟನ್ನು ಹೊತ್ತೊಯ್ಯಲೂ ಹಿಂಜರಿಯದು.

ಹಟ್‌ನ ಪುಸ್ತಕದಲ್ಲಿ ಹೆಸರು, ತಂಡದ ಸಂಖ್ಯೆ, ಮುಂದಿನ ಗುರಿ ಬರೆಯಿರಿ. ಹಟ್‌ನಲ್ಲಿ ತಂಗುವ ಟಿಕೆಟ್ ಇದ್ದರೂ ಬರೆಯಿರಿ. ಹುಡುಕಾಟ ನಡೆದರೆ ಮೊದಲು ತೆರೆಯುವುದು ಅದನ್ನೇ. ಒಳಗೆ ಗ್ಯಾಸ್ ಒಲೆ ಹಚ್ಚಿದಾಗ ಕಿಟಕಿ ತುಸು ತೆರೆದಿರಲಿ, ಇಲ್ಲವಾದರೆ ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಸೌದೆಯನ್ನು ಮೊದಲ ಸಂಜೆಯೇ ಸುರಿದು ಉರಿಸಬೇಡಿ. ತಡರಾತ್ರಿ ತೊಯ್ದು ಬಂದವರಿಗೆ ಒಲೆಯ ಪಕ್ಕದ ಜಾಗ ಬಿಟ್ಟುಕೊಡುವುದು ಅಲ್ಲಿನ ರೂಢಿ.

ಹೊಳೆಯನ್ನು ಓದುವುದು

ಎಲ್ಲಕ್ಕಿಂತ ಮುಖ್ಯ ಇದೇ. ದಕ್ಷಿಣ ದ್ವೀಪದ ಪರ್ವತಸಾಲಾದ ಸದರ್ನ್ ಆಲ್ಪ್ಸ್‌ನ ಪಶ್ಚಿಮದ ಹೊಳೆಗಳು ಗಿಡ್ಡ, ಕಡಿದಾದವು. ವಾಯವ್ಯದ ಗಾಳಿ ಸಮುದ್ರದ ತೇವವನ್ನು ಹೊತ್ತು ತಂದು ಬೆಟ್ಟಕ್ಕೆ ಅಪ್ಪಳಿಸುತ್ತದೆ. ಬೆಳಿಗ್ಗೆ ಮೊಣಕಾಲಿನಷ್ಟಿದ್ದ ನೀರು ಮಧ್ಯಾಹ್ನಕ್ಕೆ ಬಂಡೆ ಉರುಳಿಸುತ್ತದೆ. ಒಳ್ಳೆಯ ಸುದ್ದಿಯೆಂದರೆ, ಏರಿದಷ್ಟೇ ಬೇಗ ಇಂಥ ಹೊಳೆಗಳು ಇಳಿಯುವುದೂ ಉಂಟು. ಮಳೆ ನಿಂತು ಕೆಲವು ಗಂಟೆಗಳಲ್ಲಿ ನೋಟವೇ ಬದಲಾಗಬಹುದು.

ದಡಕ್ಕೆ ಹೋಗಿ, ಸುರಕ್ಷಿತ ದೂರದಲ್ಲಿ ನಿಂತು, ನೀರಿನ ಅಂಚಿನ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ. ಗಂಟೆಗೊಮ್ಮೆ ನೋಡಿದರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ವಾದ ಬೇಕಾಗುವುದಿಲ್ಲ. ನೀರು ಕೆಂಪು-ಕಂದು ಬಣ್ಣಕ್ಕಿದ್ದರೆ, ಮರದ ದಿಮ್ಮಿ ತೇಲಿಬರುತ್ತಿದ್ದರೆ, ತಳದಲ್ಲಿ ಕಲ್ಲುಗಳ ಗುಡುಗುಡು ಕೇಳಿಸಿದರೆ, ದಡದಲ್ಲಿ ನೀವು ನಡೆಯುವುದಕ್ಕಿಂತ ತೇಲುವ ಕಡ್ಡಿ ಬೇಗ ಸಾಗಿದರೆ ಇಳಿಯಬೇಡಿ. ಗುಂಪಿನಲ್ಲಿ ಒಬ್ಬರಿಗೆ ಅನುಮಾನವಿದ್ದರೂ ಎಲ್ಲರೂ ಹಿಂದಿರುಗಿ.

ಹಟ್ ಎಂದ ಮಾತ್ರಕ್ಕೆ ಎಲ್ಲ ಅಪಾಯವೂ ಹೊರಗೇ ಉಳಿಯಿತು ಎನ್ನುವಂತಿಲ್ಲ. 2020ರ ಫೆಬ್ರವರಿಯ ಪ್ರವಾಹದಲ್ಲಿ ರೂಟ್‌ಬರ್ನ್ ಹಾದಿಯ ಹೌಡನ್ ಹಟ್‌ಗೇ ಭೂಕುಸಿತ ಬಡಿಯಿತು, ಒಳಗೆ ಚಾರಣಿಗರಿದ್ದರು. ವಾರ್ಡನ್ ಇದ್ದರೆ ಅವರ ಮಾತಿಗೆ ಎದುರಾಡಬೇಡಿ. ಉಪಗ್ರಹದ ಮೂಲಕ ರಕ್ಷಣೆಗೆ ಸಂಕೇತ ಕಳಿಸುವ ವೈಯಕ್ತಿಕ ಲೊಕೇಟರ್ ಬೀಕನ್ ಒಯ್ದಿದ್ದರೆ ಅದು ಪ್ರಾಣಾಪಾಯಕ್ಕೆ ಮಾತ್ರ. ಬೇಸರಕ್ಕಲ್ಲ, ತಪ್ಪಿದ ಬಸ್ಸಿಗೂ ಅಲ್ಲ.

ಬೇಸರಕ್ಕೆ ಇಸ್ಪೀಟು ಎಲೆ ಸಾಕು. ಹಿಂದಿನವರು ಬಿಟ್ಟುಹೋದ ಹಳೆಯ ಪತ್ರಿಕೆಗಳೂ ಸಿಗುತ್ತವೆ.

ಹೊರಡುವಾಗ

ಆಕಾಶ ತೆರೆದ ಕೂಡಲೇ ಓಡಬೇಡಿ. ಗುರುತಿಟ್ಟ ಕಲ್ಲನ್ನು ಇನ್ನೊಮ್ಮೆ ನೋಡಿ ಬನ್ನಿ. ಯೋಜನೆ ಬದಲಾಗಿದ್ದರೆ ಪುಸ್ತಕದಲ್ಲಿ ತಿದ್ದಿ. ಬೂದಿ ತಣ್ಣಗಾಗಿದೆಯೇ ಪರೀಕ್ಷಿಸಿ, ನೆಲ ಗುಡಿಸಿ, ಕಸವನ್ನು ಚೀಲದಲ್ಲಿ ಹೊತ್ತು ತನ್ನಿ. ಮುಂದೆ ಬರುವವರಿಗೆ ಒಣ ಸೌದೆ ಮತ್ತು ಚಕ್ಕೆಗಳನ್ನು ಒಳಗೆ ಜೋಡಿಸಿಡಿ. ಬಾಗಿಲ ಚಿಲಕ ಗಟ್ಟಿಯಾಗಿ ಬಿದ್ದಿದೆಯೇ ಎಂದು ಒಮ್ಮೆ ಎಳೆದು ನೋಡಿ. ಗಾಳಿಗೆ ತೆರೆದುಕೊಂಡರೆ ಆ ರಾತ್ರಿಯೇ ಪೋಸಮ್ ಎಂಬ ಮರ ಹತ್ತುವ ಪ್ರಾಣಿಗಳು ಒಳಸೇರುತ್ತವೆ.