ಹುಡುಕಿದ ಫೈಲ್‌ಗಳಿಗೆ ಟರ್ಮಿನಲ್‌ನಲ್ಲೇ ಕೆಲಸ ಹಚ್ಚುವುದು ಹೇಗೆ?

ಬೀದರ್‌ನಲ್ಲಿ ಬಿದ್ರಿ ಸಾಮಾನು ಮಾರುವ ನನ್ನ ಗೆಳೆಯನ ಕಂಪ್ಯೂಟರ್‌ನಲ್ಲಿ ವರ್ಷಗಟ್ಟಲೆ ತೆಗೆದ ಫೋಟೊಗಳಿವೆ. ಹೂಜಿ, ಹೂದಾನಿ, ಬೆಳ್ಳಿ ತಂತಿ ಕೂರಿಸುವ ಕೈಗಳು, ಕೋಟೆಯ ಮಣ್ಣು ಹಚ್ಚಿ ಕಪ್ಪು ಮಾಡುವ ಹೊತ್ತು. ಎಲ್ಲವೂ ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಚೆಲ್ಲಾಪಿಲ್ಲಿ. ಅವುಗಳಲ್ಲಿ 5 ಎಂಬಿ ಮೀರಿದ್ದನ್ನೆಲ್ಲ ಒಂದೇ ಕಡೆ ತರಬೇಕಿತ್ತು. ಮೌಸ್ ಹಿಡಿದು ಕೂತರೆ ದಿನಗಳೇ ಬೇಕು. ಲಿನಕ್ಸ್‌ನಲ್ಲಿ ಫೈಲ್ ಹುಡುಕುವ ಕಮಾಂಡ್ ಫೈಂಡ್ ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತದೆ.

ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ. ನೀವು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. 5ರ ಮುಂದಿನ ಎಂ ಮಾತ್ರ ದೊಡ್ಡಕ್ಷರ.

ಮೊದಲು ಫೋಟೊಗಳಿರುವ ಫೋಲ್ಡರ್‌ಗೆ ಹೋಗಿ, ಸುಮ್ನೆ ಹುಡುಕಿ:

ಫೈಂಡ್ . -ಟೈಪ್ ಎಫ್ -ಐನೇಮ್ '*.ಜೆಪಿಜಿ' -ಸೈಜ್ +5ಎಂ

ಚುಕ್ಕೆ ಎಂದರೆ ಈಗಿರುವ ಫೋಲ್ಡರ್. -ಟೈಪ್ ಎಫ್ ಎಂದರೆ ಫೋಲ್ಡರ್ ಬಿಟ್ಟು ಫೈಲ್ ಮಾತ್ರ. ಕೆಲವು ಕ್ಯಾಮೆರಾಗಳು ಜೆಪಿಜಿಯನ್ನು ದೊಡ್ಡಕ್ಷರದಲ್ಲಿ ಬರೆಯುತ್ತವೆ. ಐನೇಮ್ ಎರಡನ್ನೂ ಹಿಡಿಯುತ್ತದೆ. ಉದ್ಧರಣ ಚಿಹ್ನೆ ಬಿಡಬೇಡಿ. ಬಿಟ್ಟರೆ ನಕ್ಷತ್ರವನ್ನು ಫೈಂಡ್‌ಗಿಂತ ಮೊದಲೇ ಶೆಲ್ (ನೀವು ಟೈಪ್ ಮಾಡಿದ್ದನ್ನು ಓದಿ ಓಡಿಸುವ ಪ್ರೋಗ್ರಾಂ) ಫೈಲ್ ಹೆಸರುಗಳಾಗಿ ಬಿಡಿಸಿಬಿಡಬಹುದು.

ಬಂದ ಪಟ್ಟಿಯನ್ನು ಕಣ್ಣಾರೆ ಓದಿ. ಈ ಹೆಜ್ಜೆಯನ್ನು ದಯವಿಟ್ಟು ಹಾರಿಸಬೇಡಿ. ಪಟ್ಟಿ ಸರಿ ಇದ್ದರೆ ಮೇಲಿನ ಫೋಲ್ಡರ್‌ನಲ್ಲಿ 'ದೊಡ್ಡವು' ಎಂಬ ಹೊಸ ಫೋಲ್ಡರ್ ಮಾಡಿ. ಕನ್ನಡದ ಹೆಸರು ಲಿನಕ್ಸ್‌ಗೆ ಒಪ್ಪಿಗೆಯೇ. ಈಗ ಅದೇ ಸಾಲಿನ ಕೊನೆಗೆ ಇದನ್ನು ಸೇರಿಸಿ:

-ಎಕ್ಸೆಕ್ ಎಂವಿ -ಎನ್ -ಟಿ ../ದೊಡ್ಡವು {} +

ಎಕ್ಸೆಕ್ ಎಂದರೆ ಇ, ಎಕ್ಸ್, ಇ, ಸಿ. ಸಿಕ್ಕ ಫೈಲ್‌ಗಳ ಮೇಲೆ ಇನ್ನೊಂದು ಕಮಾಂಡ್ ಓಡಿಸುತ್ತದೆ. ಇಲ್ಲಿ ಆ ಕಮಾಂಡ್ ಎಂವಿ, ಫೈಲ್‌ಗಳನ್ನು ಬೇರೆ ಕಡೆಗೆ ಸಾಗಿಸುವಂಥದ್ದು. ../ ಎಂದರೆ ಮೇಲಿನ ಫೋಲ್ಡರ್. ಸಿಕ್ಕ ಫೈಲ್‌ಗಳ ಹೆಸರುಗಳು {} ಇರುವಲ್ಲಿ ಬಂದು ಕೂರುತ್ತವೆ. ಕೊನೆಯ + ಚಿಹ್ನೆ ಅವನ್ನೆಲ್ಲ ಗುಂಪಾಗಿ ಎಂವಿ ಕೈಗೆ ಕೊಡುತ್ತದೆ. ಅದರ ಬದಲು \; ಹಾಕಿದರೆ ಒಂದೊಂದು ಫೈಲ್‌ಗೂ ಎಂವಿ ಹೊಸದಾಗಿ ಓಡುತ್ತದೆ. ಕೆಲಸ ಆಗುತ್ತದೆ, ಹೊತ್ತು ಜಾಸ್ತಿ.

-ಟಿ ಎಂವಿಗೆ ಯಾವ ಫೋಲ್ಡರ್‌ಗೆ ಸಾಗಿಸಬೇಕೆಂದು ಹೇಳುತ್ತದೆ. ಅದು ಯಾಕೆ ಗೊತ್ತಾ? ಅದಿಲ್ಲದೆ \; ಜೊತೆ 'ಎಂವಿ {} ../ದೊಡ್ಡವು' ಎಂದು ಬರೆದು, ಫೋಲ್ಡರ್ ಮಾಡಲು ಮರೆತಿರಿ ಅನ್ನಿ. ಮೊದಲ ಫೋಟೊದ ಹೆಸರೇ 'ದೊಡ್ಡವು' ಎಂದಾಗುತ್ತದೆ. ಎರಡನೆಯದು ಅದರ ಮೇಲೆ ಬರುತ್ತದೆ, ಮೂರನೆಯದು ಅದರ ಮೇಲೆ. ಕೊನೆಗೆ ಉಳಿಯುವುದು ಒಂದೇ ಫೋಟೊ! -ಟಿ ಇದ್ದರೆ ಫೋಲ್ಡರ್ ಇಲ್ಲ ಎಂದು ತಪ್ಪು ತೋರಿಸಿ ನಿಲ್ಲುತ್ತದೆ. -ಎನ್ ಕೂಡ ಅಷ್ಟೇ ಮುಖ್ಯ, ಅದು ಇರುವ ಫೈಲ್‌ನ ಮೇಲೆ ಅದೇ ಹೆಸರಿನ ಇನ್ನೊಂದನ್ನು ಬರೆಯಲು ಬಿಡುವುದಿಲ್ಲ. ಕ್ಯಾಮೆರಾದ ಎಣಿಕೆ 9999 ಆದಮೇಲೆ ಮತ್ತೆ ಮೊದಲಿಂದ ಶುರುವಾಗುತ್ತದೆ, ಒಂದೇ ಹೆಸರಿನ ಎರಡು ಫೋಟೊ ಇರುತ್ತವೆ ಅಲ್ವಾ? ಆಗ ಎರಡನೆಯದು ಇದ್ದಲ್ಲೇ ಉಳಿಯುತ್ತದೆ.

ಧೈರ್ಯ ಸಾಲದಿದ್ದರೆ ಎಕ್ಸೆಕ್ ಬದಲು -ಓಕೆ ಬಳಸಿ, ಕೊನೆಗೆ \; ಹಾಕಿ. ಪ್ರತಿ ಫೈಲ್‌ಗೂ ಕೇಳಿಯೇ ಮುಂದೆ ಹೋಗುತ್ತದೆ.

ಫೈಂಡ್ ಕೊಟ್ಟ ಪಟ್ಟಿಯನ್ನು | ಚಿಹ್ನೆಯ ಮೂಲಕ ಎಕ್ಸಾರ್ಗ್ಸ್‌ಗೆ (ಎಕ್ಸ್, ಎ, ಆರ್, ಜಿ, ಎಸ್; ಪಟ್ಟಿಯ ಹೆಸರುಗಳನ್ನು ಇನ್ನೊಂದು ಕಮಾಂಡ್‌ಗೆ ದಾಟಿಸುವಂಥದ್ದು) ಕಳಿಸುವವರೂ, ಅಂದರೆ ಪೈಪ್ ಮಾಡುವವರೂ ಇದ್ದಾರೆ. ಆದರೆ 'ಬೀದರ್ ಕೋಟೆ.ಜೆಪಿಜಿ' ಎಂಬ ಒಂದು ಹೆಸರು ಎಕ್ಸಾರ್ಗ್ಸ್ ಕಣ್ಣಿಗೆ 'ಬೀದರ್', 'ಕೋಟೆ.ಜೆಪಿಜಿ' ಎಂಬ ಎರಡು ಫೈಲ್. ಅದಕ್ಕೆ ಹೀಗೆ ಬರೆಯಿರಿ:

ಫೈಂಡ್ . -ಐನೇಮ್ '*.ಜೆಪಿಜಿ' -ಪ್ರಿಂಟ್0 | ಎಕ್ಸಾರ್ಗ್ಸ್ -0 ಎಲ್‌ಎಸ್ -ಎಲ್

-ಪ್ರಿಂಟ್0 ಮತ್ತು -0 ಜೊತೆಗಿದ್ದರೆ ಹೆಸರಿನ ನಡುವಿನ ಖಾಲಿ ಜಾಗದಲ್ಲಿ ಹೆಸರು ತುಂಡಾಗುವುದಿಲ್ಲ. ಎಲ್‌ಎಸ್ -ಎಲ್ ಫೈಲ್‌ಗಳ ವಿವರ ತೋರಿಸುತ್ತದೆ ಅಷ್ಟೇ. ಎಕ್ಸೆಕ್‌ಗೆ ಹೆಸರು ತುಂಡಾಗುವ ತೊಂದರೆಯೇ ಇಲ್ಲ. ಹೊಸಬರು ಅದರಿಂದಲೇ ಶುರು ಮಾಡುವುದು ಒಳ್ಳೆಯದು.

ಸಿಕ್ಕ ಫೈಲ್‌ಗಳನ್ನು ಅಳಿಸುವ -ಡಿಲೀಟ್ ಬಳಸುವುದೇ ಆದರೆ ಸಾಲಿನ ಕಟ್ಟಕಡೆಗೆ ಹಾಕಿ. ಫೈಂಡ್ ಎಡದಿಂದ ಬಲಕ್ಕೆ ಓದುತ್ತದೆ. -ಐನೇಮ್‌ಗಿಂತ ಮೊದಲು ಡಿಲೀಟ್ ಬಂದರೆ ಹೆಸರು ನೋಡುವ ಮುಂಚೆಯೇ ಎಲ್ಲ ಅಳಿಸಿ ಹೋಗಿರುತ್ತದೆ. ಹೀಗೆ ಅಳಿಸಿದ್ದು ಕಸದ ಬುಟ್ಟಿಗೂ ಬೀಳುವುದಿಲ್ಲ.