ಫೋಟೋ ಶಾರ್ಪ್ ಮಾಡೋಕೆ ಯಾವ ಸಾಫ್ಟ್‌ವೇರ್, ಎಷ್ಟು, ಯಾವಾಗ?

ಸ್ಲೈಡರ್ ಮುಟ್ಟೋಕೆ ಮುಂಚೆ ಫೋಟೋನ 100%ಗೆ ಝೂಮ್ ಮಾಡಿ ನೋಡಿ. ಸ್ಕ್ರೀನಿಗೆ ಫಿಟ್ ಮಾಡ್ಕೊಂಡು ಚಿಕ್ಕದಾಗಿ ನೋಡ್ತಾ ಶಾರ್ಪ್ ಮಾಡೋರೇ ಜಾಸ್ತಿ, ಎಡವಟ್ಟು ಶುರುವಾಗೋದೇ ಅಲ್ಲಿಂದ. ಫೋಕಸ್ ಕಣ್ಣು ಬಿಟ್ಟು ಕಿವಿ ಮೇಲೆ ಕೂತಿದೆಯಾ, ಕೈ ಅಲುಗಾಡಿ ಗೆರೆಗಳೆಲ್ಲ ಒಂದೇ ದಿಕ್ಕಿಗೆ ಎಳ್ಕೊಂಡಿವೆಯಾ, ಇಲ್ಲಾ ಬರೀ ಒಂಚೂರು ಮೆತ್ತಗಿದೆಯಾ ಅಂತ ನೋಡ್ಕೊಳ್ಳಿ. ಶಾರ್ಪನಿಂಗ್ ಮದ್ದಾಗೋದು ಮೂರನೇದಕ್ಕೆ ಮಾತ್ರ.

ಈ ಮೆತ್ತಗಿರೋದು ನಿಮ್ಮ ತಪ್ಪೇನಲ್ಲ. ಸಾಮಾನ್ಯ ಕ್ಯಾಮೆರಾ ಸೆನ್ಸರ್‌ನಲ್ಲಿ ಒಂದೊಂದು ಪಿಕ್ಸೆಲ್ಲೂ ಕೆಂಪು, ಹಸಿರು, ನೀಲಿಯಲ್ಲಿ ಒಂದನ್ನೇ ಹಿಡಿಯೋದು, ಉಳಿದೆರಡನ್ನ ಅಕ್ಕಪಕ್ಕದವನ್ನ ನೋಡಿ ಲೆಕ್ಕ ಹಾಕ್ಬೇಕು, ಅದರಲ್ಲೇ ಅಂಚು ಸ್ವಲ್ಪ ಕರಗುತ್ತೆ. ಜೆಪೆಗ್ ತೆಗೆದ್ರೆ ಕ್ಯಾಮೆರಾನೇ ಒಳಗೆ ಶಾರ್ಪ್ ಮಾಡಿ ಕೊಟ್ಟಿರುತ್ತೆ, ಸೆನ್ಸರ್ ಹಿಡಿದದ್ದನ್ನ ಹಾಗೇ ಇಟ್ಕೊಳ್ಳೋ ರಾ ಫೈಲಲ್ಲಿ ಆ ಕೆಲಸ ನಮ್ಮದು. ಹಾಗಾಗಿ ಜೆಪೆಗ್ ಮೇಲೆ ಕೈ ಹಗುರ ಇರ್ಲಿ.

ಶಾರ್ಪನಿಂಗ್ ಹೊಸ ವಿವರ ಏನೂ ತರಲ್ಲ. ಅಂಚಿನ ಕಪ್ಪು ಕಡೆನ ಇನ್ನಷ್ಟು ಕಪ್ಪು, ಬಿಳಿ ಕಡೆನ ಇನ್ನಷ್ಟು ಬಿಳಿ ಮಾಡುತ್ತೆ, ಕಣ್ಣು ಅದನ್ನೇ ಚುರುಕು ಅಂತ ನಂಬುತ್ತೆ, ಅಷ್ಟೇ. ನಾನು ಶುರುವಿನಲ್ಲಿ ತಂತಿ ಮೇಲೆ ಕೂತ ಕಾಗೆ ಫೋಟೋಗೆ ಶಾರ್ಪನಿಂಗ್ ಸ್ಲೈಡರ್ ಎಳೆದಿದ್ದೇ ಎಳೆದಿದ್ದು, ಪ್ರಿಂಟ್ ಬಂದಾಗ ನೋಡಿದ್ರೆ ಕಾಗೆ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದ ಹಾಗೆ ಬಿಳಿ ಅಂಚು. ಅದಕ್ಕೆ ಹೇಲೋ ಅಂತಾರೆ, ಒಂದ್ಸಲ ಕಣ್ಣಿಗೆ ಬಿದ್ರೆ ಆಮೇಲೆ ಬೇರೇನೂ ಕಾಣಲ್ಲ.

ಈಗ ಕೆಲಸದ ಕ್ರಮ. ಮೊದಲು ನಾಯ್ಸ್ (ಫೋಟೋದಲ್ಲಿ ಕಾಣೋ ಕಾಳುಕಾಳು) ಕಮ್ಮಿ ಮಾಡಿ, ಇಲ್ಲಾಂದ್ರೆ ಕಾಳುಕಾಳೂ ಶಾರ್ಪ್ ಆಗುತ್ತೆ. ಅಡೋಬಿಯ ಲೈಟ್‌ರೂಮ್ ಸಾಫ್ಟ್‌ವೇರ್ ಇದ್ರೆ ಡೀಟೇಲ್ ಪ್ಯಾನೆಲ್‌ಗೆ ಹೋಗಿ, ರಾ ಫೈಲಿಗೆ ಅಮೌಂಟ್ (ಎಷ್ಟು ಜೋರು) 40, ರೇಡಿಯಸ್ (ಅಂಚಿಂದ ಎಷ್ಟು ದೂರದವರೆಗೆ) 1.0 ಅಂತ ಮೊದಲೇ ಇರುತ್ತೆ, ಅಲ್ಲಿಂದಲೇ ಶುರು ಮಾಡಿ. ನನ್ನ ಪ್ರಕಾರ ಇಲ್ಲಿನ ನಿಜವಾದ ಆಟ ಮಾಸ್ಕಿಂಗ್ ಸ್ಲೈಡರ್‌ದು. ಆಲ್ಟ್ ಕೀ ಒತ್ತಿ ಹಿಡಿದು (ಮ್ಯಾಕ್‌ನಲ್ಲಿ ಆಪ್ಷನ್) ಅದನ್ನ ಮೆಲ್ಲಗೆ ಬಲಕ್ಕೆ ಎಳೀರಿ, ಫೋಟೋ ಕಪ್ಪು-ಬಿಳುಪಾಗುತ್ತೆ, ಬಿಳಿ ಇರೋ ಕಡೆ ಮಾತ್ರ ಶಾರ್ಪನಿಂಗ್ ಬೀಳೋದು. ಮುಖದ ಫೋಟೋ ಆದ್ರೆ ಮೊದಲು ಕೆನ್ನೆ ಕಪ್ಪಾಗುತ್ತೆ, ಆಮೇಲೆ ಹಣೆ, ಕೊನೆಗೆ ರೆಪ್ಪೆ, ಹುಬ್ಬು, ತುಟಿಯ ಅಂಚು ಬಿಳಿ ಗೆರೆಗಳಾಗಿ ಉಳಿಯುತ್ತೆ, ಅಲ್ಲಿಗೆ ನಿಲ್ಲಿಸಿ. ಕೆನ್ನೆಯ ಒಂದೊಂದು ರಂಧ್ರನೂ ಎದ್ದು ಕಾಣಿಸಿದ್ರೆ ಯಾರೂ ಥ್ಯಾಂಕ್ಸ್ ಹೇಳಲ್ಲ.

ದುಡ್ಡು ಕೊಡೋಕೆ ಇಷ್ಟ ಇಲ್ವಾ, ಪುಕ್ಕಟೆ ಸಿಗೋ ಜಿಂಪ್ ಸಾಫ್ಟ್‌ವೇರ್ ಸಾಕು. ಅದರಲ್ಲಿ ಅನ್‌ಶಾರ್ಪ್ ಮಾಸ್ಕ್ ಇದೆ, ಹೆಸರು ಉಲ್ಟಾ ಅನ್ಸುತ್ತೆ ನಿಜ, ಕತ್ತಲೆ ಕೋಣೆಯಲ್ಲಿ ಫಿಲ್ಮ್‌ನಿಂದ ಪ್ರಿಂಟ್ ಹಾಕ್ತಿದ್ದ ಡಾರ್ಕ್‌ರೂಮ್ ಕಾಲದಲ್ಲಿ ನೆಗೆಟಿವ್‌ದೇ ಮಬ್ಬಾದ ಕಾಪಿ ಮಾಡಿ ಅದನ್ನ ಮೂಲದ ಜತೆ ಜೋಡಿಸ್ತಿದ್ರು, ಹೆಸರು ಅಲ್ಲಿಂದ ಬಂದಿದ್ದು. ಅಮೌಂಟ್, ರೇಡಿಯಸ್ ಆಗಲೇ ಹೇಳಿದ್ದೇ, ಥ್ರೆಶೋಲ್ಡ್ ಅಂದ್ರೆ ಎಷ್ಟು ಸಣ್ಣ ವ್ಯತ್ಯಾಸನ ಮುಟ್ಟದೆ ಬಿಡಬೇಕು ಅನ್ನೋದು. ಹಾಳಾಗೋದು ಬಹಳ ಸಲ ರೇಡಿಯಸ್‌ನಿಂದ, ಎಲೆ, ಕೂದಲು, ಬಟ್ಟೆಯ ನೇಯ್ಗೆ ಥರದ್ದಕ್ಕೆ 1 ದಾಟೋದು ಬೇಡ. ರಾ ಫೈಲಿಗೆ ಪುಕ್ಕಟೆದು ಬೇಕಂದ್ರೆ ರಾಥೆರಪಿ ಇದೆ, ಅದರ ಕ್ಯಾಪ್ಚರ್ ಶಾರ್ಪನಿಂಗ್ ರೇಡಿಯಸ್‌ನ ತಾನೇ ಲೆಕ್ಕ ಹಾಕ್ಕೊಳ್ಳುತ್ತೆ.

ಫೋಟೋಶಾಪ್ ಇರೋರು ಲೇಯರ್ ಡೂಪ್ಲಿಕೇಟ್ ಮಾಡಿ ಹೈ ಪಾಸ್ ಫಿಲ್ಟರ್ ಹಾಕಿ. ಎಲ್ಲ ಬೂದು ಬಣ್ಣ ಆಗಿ ಅಂಚುಗಳು ಮಾತ್ರ ಸಣ್ಣಗೆ ಕಾಣೋವಷ್ಟು ರೇಡಿಯಸ್ ಇಟ್ಟು, ಬ್ಲೆಂಡ್ ಮೋಡ್ ಓವರ್‌ಲೇ ಮಾಡಿ. ಜಾಸ್ತಿ ಆಯ್ತು ಅನ್ಸಿದ್ರೆ ಓಪಾಸಿಟಿ ಇಳಿಸಿ ಅಥವಾ ಬೇಡದ ಕಡೆ ಮಾಸ್ಕ್‌ನಿಂದ ಅಳಿಸಿ, ಮೂಲ ಫೋಟೋ ಕೆಳಗೆ ಹಾಗೇ ಇರುತ್ತೆ.

ಎಐ ಟೂಲ್‌ಗಳು ಕೈ ಅಲುಗಿದ ಫೋಟೋನೂ ಒಂದಷ್ಟು ಸರಿ ಮಾಡ್ತವೆ, ಆದ್ರೆ ಅವು ಊಹಿಸಿ ತುಂಬ್ತವೆ. ದೂರದಲ್ಲಿ ನಿಂತವರ ಮುಖ ಬೇರೆಯವರ ಮುಖ ಆಗಿಬಿಡಬಹುದು, ಬೋರ್ಡಿನ ಅಕ್ಷರ ಯಾವ ಭಾಷೆದೂ ಅಲ್ಲದ ಗೀಚು ಆಗಬಹುದು. ದಾಖಲೆಗೆ ಬೇಕಾದ ಫೋಟೋಗೆ ಇದು ಬೇಡವೇ ಬೇಡ.

ಇನ್ನೊಂದು, ಸೈಜ್ ಚಿಕ್ಕದು ಮಾಡಿದಾಗ ಫೋಟೋ ಮತ್ತೆ ಮೆತ್ತಗಾಗುತ್ತೆ, ಅದಕ್ಕೆ ರೀಸೈಜ್ ಆದ್ಮೇಲೆ ಕೊನೆಯದಾಗಿ ಒಂದು ಸಣ್ಣ ಸುತ್ತು ಬೇಕು. ಲೈಟ್‌ರೂಮ್ ಎಕ್ಸ್‌ಪೋರ್ಟ್‌ನಲ್ಲಿ ಸ್ಕ್ರೀನ್, ಮ್ಯಾಟ್ ಪೇಪರ್, ಗ್ಲಾಸಿ ಪೇಪರ್ ಅಂತ ಬೇರೆಬೇರೆ ಇದೆ. ಮ್ಯಾಟ್ ಪೇಪರ್ ಇಂಕ್ ಹೀರ್ಕೊಂಡು ಅಂಚು ಹರಡಿಸುತ್ತೆ, ಅದಕ್ಕೆ ಸ್ಕ್ರೀನಲ್ಲಿ ತುಸು ಒರಟಾಗಿ ಕಂಡ್ರೂ ಪ್ರಿಂಟ್‌ನಲ್ಲಿ ಸರಿಯಾಗೇ ಬರುತ್ತೆ. ಹೀಗೆ ಮಾಡಿದ್ದನ್ನ ಬೇರೆ ಹೆಸರಲ್ಲಿ ಸೇವ್ ಮಾಡಿ, ನಾಳೆ ಅದೇ ಫೋಟೋ ದೊಡ್ಡ ಸೈಜಲ್ಲಿ ಬೇಕಾದ್ರೆ ಶಾರ್ಪ್ ಮಾಡದ ಫೈಲಿಂದಲೇ ಶುರು ಮಾಡ್ಬೇಕಾಗುತ್ತೆ.