ಎರಡು ಸಲ ಕೊಂದ ಮೇಲೆ ಕಲಿತ ಸೀಡಮ್

ಸೀಡಮ್ ಸ್ಪ್ಯಾಚುಲಿಫೋಲಿಯಮ್ ಎಂಬ ಗಿಡವನ್ನು ನಾನು ಎರಡು ಸಲ ಕೊಂದಿದ್ದೇನೆ. ಮೊದಲನೆಯದನ್ನು ಬಿಸಿಲಿಗೆ ಇಟ್ಟು, ಎರಡನೆಯದನ್ನು ನೀರು ಕುಡಿಸಿ.

ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ನಮ್ಮದು ನೆಲಮಹಡಿಯ ಬಾಡಿಗೆ ಮನೆ. ಹಿಂದೆ ಪಡುವಣಕ್ಕೆ ತೆರೆದ ಪುಟ್ಟ ಸಿಮೆಂಟು ಅಂಗಳ. ನರ್ಸರಿಯಿಂದ ತಂದ ಕುಂಡದ ಚೀಟಿಯಲ್ಲಿ ‘ಪೂರ್ತಿ ಬಿಸಿಲು, ಕಡಿಮೆ ನೀರು’ ಎಂದಿತ್ತು. ಎಲೆ ದಪ್ಪಗಿದ್ದರೆ ಅದು ಕಳ್ಳಿಯ ಕಡೆಯದು, ಬಿಸಿಲಿಗೆ ಬಿಟ್ಟು ಮರೆತರಾಯಿತು ಎಂದುಕೊಂಡಿದ್ದೆ. ಜುಲೈ ತಿಂಗಳ ಒಂದೇ ವಾರದ ಝಳಕ್ಕೆ ಎಲೆಗಳೆಲ್ಲ ಬೆಂದ ಬಸಳೆಯಂತಾದವು. ಪಶ್ಚಾತ್ತಾಪದಿಂದ ಎರಡನೆಯದಕ್ಕೆ ದಿನವೂ ನೀರೆರೆದೆ. ಬುಡ ಕೊಳೆಯಿತು. ವಿಡಿಯೊ ಕರೆಯಲ್ಲಿ ಅದನ್ನು ತೋರಿಸಿದಾಗ ಅಮ್ಮ, “ಏನೇ ಇದು, ಕಾಡುಬಸಳೆಯ ಮರಿಗೆ ಕಾಯಿಲೆ ಬಂದಂತಿದೆಯಲ್ಲ” ಎಂದರು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅಮ್ಮನ ಮಾತು ಬಹಳ ದೂರವೇನೂ ಹೋಗಿರಲಿಲ್ಲ. ನಮ್ಮೂರ ಬೇಲಿಯ ಕಾಡುಬಸಳೆಯೂ ಈ ಸೀಡಮ್ಮೂ ಕ್ರ್ಯಾಸುಲೇಸಿಯೆ ಎಂಬ ಒಂದೇ ಕುಟುಂಬದವು.

ಮೂರನೆಯ ಕುಂಡ ತರುವ ಮೊದಲು ಗಿಡ ತನ್ನ ಮನೆಯಲ್ಲಿ ಹೇಗೆ ಬಾಳುತ್ತದೆ ಎಂದು ನೋಡಿ ಬರೋಣ ಎನ್ನಿಸಿತು. ಸ್ಯಾನ್ ಫ್ರಾನ್ಸಿಸ್ಕೊದ ದಕ್ಷಿಣಕ್ಕೆ ಸ್ಯಾನ್ ಬ್ರೂನೋ ಬೆಟ್ಟವಿದೆ. ಎತ್ತರ ಸುಮಾರು 400 ಮೀಟರ್. ಮಾರ್ಚ್ ತಿಂಗಳ ಒಂದು ಭಾನುವಾರ ಅಲ್ಲಿಗೆ ಹೋದೆ. ಮೊದಲ ಒಂದೂವರೆ ಗಂಟೆ ಹುಡುಕಿದ್ದು ತಪ್ಪು ಜಾಗದಲ್ಲಿ. ಬಿಸಿಲು ಬೀಳುವ ತೆಂಕಣ ಇಳಿಜಾರಿನ ಪ್ರತಿ ಬಂಡೆಯನ್ನೂ ತಡವಿದೆ. ಹುಲ್ಲು, ಹಲ್ಲಿ, ಮತ್ತೆ ಹುಲ್ಲು.

ಬೆಟ್ಟದ ಬೆನ್ನು ದಾಟಿ ಬಡಗಣ ಮಗ್ಗುಲಿಗೆ ಇಳಿದಾಗ ಮುಖಕ್ಕೆ ಕಡಲ ಕಡೆಯ ಕಾವಳ ಬಡಿಯಿತು. ಕನ್ನಡಕ ಒರೆಸಿಕೊಂಡು ನೋಡಿದರೆ ಒದ್ದೆ ಬಂಡೆಯ ಬಿರುಕಿನುದ್ದಕ್ಕೂ ಅದೇ ಗಿಡ. ಅಕ್ಕಪಕ್ಕದಲ್ಲಿ ಪಾಚಿ, ಸಾಂಬಾರು ಪುಡಿಗೆ ಹಾಕುತ್ತೇವಲ್ಲ, ಆ ಕಲ್ಲುಹೂವಿನ ದಾಯಾದಿಗಳು. ಮಣ್ಣು ಎನ್ನಬಹುದಾದದ್ದು ಎರಡು ಬೆರಳಿನಷ್ಟೂ ಇರಲಿಲ್ಲ. ನನ್ನ ಎರಡು ಗಿಡಗಳು ಯಾಕೆ ಸತ್ತವೆಂದು ಅಲ್ಲೇ ಅರ್ಥವಾಯಿತು. ಬಂಡೆಯ ಮೇಲೆ ಬೆಳೆಯುತ್ತದೆ, ನಿಜ. ಆದರೆ ಆ ಬಂಡೆ ಕಾಯುವುದಿಲ್ಲ. ಮಳೆ ಬಿದ್ದರೂ ನೀರು ನಿಲ್ಲುವುದಿಲ್ಲ, ಬೇಸಿಗೆಯಲ್ಲೂ ಗಾಳಿ ತಣ್ಣಗಿರುತ್ತದೆ.

ಮೊಣಕಾಲೂರಿ ಕುಳಿತು ನೋಡಿದೆ. ಎಲೆಗಳು ಒತ್ತೊತ್ತಾಗಿ ಸುತ್ತುಗಟ್ಟಿ ಗುಲಾಬಿಯಾಕಾರದ ಬಿಲ್ಲೆಗಳಾಗಿವೆ. ಒಂದೊಂದು ಬಿಲ್ಲೆಯೂ ನಾಣ್ಯದ ಅಗಲ. ಬಿಡಿ ಎಲೆಯ ಬುಡ ಸಣ್ಣ, ತುದಿ ದುಂಡು; ಪೂಜೆಯ ಉದ್ಧರಣೆಯನ್ನು ನೆನಪಿಸುವ ಆಕಾರ. ಲ್ಯಾಟಿನ್ ಹೆಸರಿನ ‘ಸ್ಪ್ಯಾಚುಲಿ’ ಕೂಡ ಸೌಟಿನ ಆಕಾರವನ್ನೇ ಹೇಳುತ್ತದೆ. ಮೈಮೇಲೆ ಬೂದುಗುಂಬಳಕ್ಕಿರುವಂಥ ಬಿಳಿ ಪುಡಿ. ಬೆರಳು ತಾಗಿದಲ್ಲಿ ಅದು ಅಳಿಸಿ ಹಸಿರು ಕಾಣಿಸಿತು, ಮುಟ್ಟಬಾರದಿತ್ತು. ಅದು ಮೇಣ. ನೀರು ಆವಿಯಾಗುವುದನ್ನೂ ಬಿಸಿಲಿನ ಹೊಡೆತವನ್ನೂ ತಗ್ಗಿಸುವ ಲೇಪ. ಬಿಲ್ಲೆಗಳ ನಡುವೆ ತೆಳ್ಳನೆಯ ಕಾಂಡಗಳು ಹರಿದು, ಸಿಕ್ಕಲ್ಲಿ ಬೇರಿಳಿಸಿ, ಒಂದು ಗಿಡವೇ ಚಾಪೆಯಾಗಿ ಹರಡಿತ್ತು.

ಕಡಲಂಚಿನಲ್ಲಿ ಇದನ್ನು ಡಡ್ಲಿಯಾ ಎಂಬ ನೆಂಟನ ಜೊತೆ ಗೊಂದಲ ಮಾಡಿಕೊಳ್ಳುವುದು ಸುಲಭ. ಪಾಯಿಂಟ್ ರೇಯೆಸ್‌ನಲ್ಲಿ ನಾನೇ ಮೋಸಹೋಗಿದ್ದೇನೆ. ಡಡ್ಲಿಯಾಕ್ಕೂ ಬೂದಿ ಮೈ ಇರುತ್ತದೆ. ನಾನೀಗ ನೋಡುವುದು ಹೂದಂಟು ಹೊರಡುವ ಜಾಗ. ಸೀಡಮ್‌ನಲ್ಲಿ ಅದು ಬಿಲ್ಲೆಯ ನಟ್ಟನಡುವೆ ಏಳುತ್ತದೆ, ಡಡ್ಲಿಯಾದಲ್ಲಿ ಪಕ್ಕದಿಂದ, ಎಲೆಯ ಕಂಕುಳಿನಿಂದ. ಡಡ್ಲಿಯಾಗಳನ್ನು ಬಂಡೆಯಿಂದ ಕಿತ್ತು ಸಾಗಿಸುವ ಕಳ್ಳರ ಕಾಟ ಹೆಚ್ಚಿ, ಅದನ್ನು ತಡೆಯಲೆಂದೇ ಕ್ಯಾಲಿಫೋರ್ನಿಯಾ 2021ರಲ್ಲಿ ಕಾನೂನು ಮಾಡಬೇಕಾಯಿತು. ನಾನೂ ಬೆಟ್ಟದಿಂದ ಒಂದೆಲೆ ತರಲಿಲ್ಲ.

ಅಲ್ಲಿಂದ ತರದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಸ್ಯಾನ್ ಬ್ರೂನೋ ಎಲ್ಫಿನ್ ಎಂಬ ಕಂದು ಬಣ್ಣದ ಪುಟ್ಟ ಚಿಟ್ಟೆಯ ಮರಿಹುಳುಗಳಿಗೆ ಆಹಾರ ಇದೊಂದೇ ಗಿಡ. 1976ರಿಂದ ಈ ಚಿಟ್ಟೆ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಹುಳುಗಳು ಹೂಗೊಂಚಲನ್ನು ಮೇಯುತ್ತವೆ, ಅವು ಒಸರುವ ಸಿಹಿಗಾಗಿ ಇರುವೆಗಳು ಸುತ್ತ ಕಾವಲಿರುತ್ತವೆ. ಚಿಟ್ಟೆ ಉಳಿದಿರುವುದು ಈ ಒಂದು ಜಿಲ್ಲೆಯ ಕೆಲವು ಗುಡ್ಡಗಳಲ್ಲಿ ಮಾತ್ರ. ಗಿಡದ ನೆಲೆಯಾದರೋ ಬಹಳ ಉದ್ದ: ಕೆನಡಾದ ವ್ಯಾಂಕೂವರ್ ದ್ವೀಪದಿಂದ ಹೊರಟು ವಾಷಿಂಗ್ಟನ್, ಆರಿಗನ್ ದಾಟಿ ದಕ್ಷಿಣ ಕ್ಯಾಲಿಫೋರ್ನಿಯಾದ ಬೆಟ್ಟಗಳವರೆಗೆ. ಅಲೆ ಸಿಡಿಯುವ ಬಂಡೆಯಲ್ಲೂ ಇದೆ, ಸಿಯೆರಾ ನೆವಾಡಾದ ಎತ್ತರದಲ್ಲೂ ಇದೆ. ಗಿಡ ಇದ್ದಲ್ಲೆಲ್ಲ ಚಿಟ್ಟೆ ಏಕಿಲ್ಲ ಎಂದು ನಾನು ಕೇಳಿಕೊಂಡಿದ್ದೆ. ಕಾವಳ, ಬಡಗಣ ಇಳಿಜಾರು, ಇರುವೆ ಎಲ್ಲವೂ ಒಂದೆಡೆ ಕೂಡಿಬರುವ ಜಾಗ ಅಷ್ಟು ಕಡಿಮೆ ಇರಬೇಕು.

ಮೂರನೆಯ ಗಿಡವನ್ನು ಸ್ಥಳೀಯ ಸಸ್ಯಗಳ ಮಾರಾಟ ಮೇಳದಲ್ಲಿ ಕೊಂಡೆ. ಆರಿಗನ್ನಿನ ಭೂಶಿರದ ಹೆಸರು ಹೊತ್ತ ‘ಕೇಪ್ ಬ್ಲಾಂಕೊ’ ತಳಿಯೂ ಅಲ್ಲಿತ್ತು, ಎಲೆ ಸುಣ್ಣ ಬಳಿದಷ್ಟು ಬಿಳಿ. ನನಗೆ ಬೆಟ್ಟದಲ್ಲಿ ಕಂಡ ಹಸಿರು ಬೂದಿಯದೇ ಬೇಕಿತ್ತು. ಆಳವಿಲ್ಲದ ಮಣ್ಣಿನ ತಟ್ಟೆಗೆ ಎರಡು ಪಾಲು ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲಿನ ಹರಳು, ಒಂದು ಪಾಲು ಕುಂಡದ ಮಣ್ಣು ಹಾಕಿದೆ. ಗೊಬ್ಬರ ಹಾಕಲಿಲ್ಲ. ಎರಡು ಕಲ್ಲುಗಳನ್ನು ಓರೆಯಾಗಿ ಹೂತು, ಅವುಗಳ ಸಂದಿಗೆ ಬೇರು ತುರುಕಿದೆ. ತಟ್ಟೆಯನ್ನು ಬಡಗಣ ಗೋಡೆಯ ಬುಡಕ್ಕೆ ಒಯ್ದೆ. ಅಲ್ಲಿ ಬೆಳಗಿನ ಎಳೆಬಿಸಿಲು ಮಾತ್ರ ಬೀಳುತ್ತದೆ. ಚಳಿಗಾಲದ ಮಳೆ ಅದರ ಪಾಡಿಗೆ ಬೀಳಲಿ ಎಂದು ಬಿಟ್ಟೆ. ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ ಸಂಜೆ ನೀರು. ಆಗ ಬಿಲ್ಲೆಗಳು ಮುದುಡಿ ಕೆಂಪಡರುತ್ತವೆ. ಮೊದಲ ವರ್ಷ ಗಾಬರಿಯಾಗಿ ಕೊಡ ಎತ್ತಿದ್ದೆ, ಕೈ ತಡೆದುಕೊಂಡೆ. ಅದು ಗಿಡದ ವಿಶ್ರಾಂತಿ, ಕಾಯಿಲೆಯಲ್ಲ.

ಒಂದು ದಿನ ಬೆಳಗ್ಗೆ ಆರಕ್ಕೆ ಒಂದೆಲೆ, ಸಂಜೆ ನಾಲ್ಕಕ್ಕೆ ಇನ್ನೊಂದೆಲೆ ಬಾಯಿಗೆ ಹಾಕಿಕೊಂಡೆ. ಟಿಪ್ಪುವಿನ ಕಾಲ ಮುಗಿದ ಮೇಲೆ ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಬೆಂಜಮಿನ್ ಹೈನ್ ಕಾಡುಬಸಳೆಯ ಎಲೆಯನ್ನು ಹೀಗೇ ತಿಂದು ನೋಡಿ, ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆ ತುಸು ಕಹಿ ಎಂದು ಬರೆದದ್ದು 1815ರಲ್ಲಿ ಅಚ್ಚಾಗಿದೆ. ಈ ಕುಟುಂಬದ ಗಿಡಗಳು ಇರುಳಲ್ಲಿ ಎಲೆಯ ರಂಧ್ರ ತೆರೆದು ಇಂಗಾಲದ ಡೈ ಆಕ್ಸೈಡನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲಲ್ಲಿ ರಂಧ್ರ ಮುಚ್ಚಿಕೊಂಡು ಅದನ್ನೇ ಬಳಸಿಕೊಳ್ಳಬಲ್ಲವು; ಹೀಗೆ ನೀರು ಉಳಿಯುತ್ತದೆ. ನನ್ನ ನಾಲಿಗೆಗೆ ಸಿಕ್ಕ ವ್ಯತ್ಯಾಸ ಸಣ್ಣದು. ಬೆಳಗಿನ ಎಲೆಯಲ್ಲಿ ಎಳೆ ಮಾವಿನ ಚಿಗುರಿನಷ್ಟು ಒಗರು ಹುಳಿ, ಸಂಜೆಯದು ಬರೀ ನೀರು.

ಎರಡನೆಯ ಮೇ ತಿಂಗಳಲ್ಲಿ ಹೂ ಬಂತು. ಗೇಣುದ್ದವೂ ಇಲ್ಲದ ದಂಟು, ತುದಿಯಲ್ಲಿ ಐದೆಸಳಿನ ಹಳದಿ ಚುಕ್ಕಿಗಳು, ಒಂದೊಂದರಲ್ಲಿ ಹತ್ತು ಕೇಸರ. ಇರುವೆಗಳು ಬಂದವು, ಚಿಟ್ಟೆ ಸನಿವೇಲ್‌ಗೆ ಎಲ್ಲಿಂದ ಬರಬೇಕು? ಹೂ ಬಿಟ್ಟ ಬಿಲ್ಲೆ ಬೀಜ ಕಟ್ಟಿ ಸತ್ತಿತು, ಪಕ್ಕದ ಮರಿಗಳು ಜಾಗ ತುಂಬಿದವು. ಈ ಸಲದ ಮಳೆಯಲ್ಲಿ ಒಂದು ಕುಡಿ ತಟ್ಟೆಯಂಚಿನಿಂದ ಇಳಿದು ಅಂಗಳದ ಸಿಮೆಂಟಿನ ಬಿರುಕಿನಲ್ಲಿ ಬೇರು ಬಿಟ್ಟಿದೆ. ಮನೆ ಮಾಲೀಕರಿಗೆ ಇನ್ನೂ ಹೇಳಿಲ್ಲ.